ಮೊಳದುದ್ದದ ವಯರು

ಸೂಳೆಕೆರೆ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಹಳೇ ಸಾಮಾನಿನ ನಡುವೆ ಇನ್ನೂ ಕೆಲವು ಕಡೆ ಮರದ ಪೆಟ್ಟಿಗೆಯ ಕಪ್ಪು-ಬಿಳುಪು ಟಿವಿ ಸಿಗುತ್ತದೆ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. 1987ರಲ್ಲಿ ರಾಮಾಯಣ ಬರುವ ಹೊತ್ತಿಗೆ ಟಿವಿ ಇದ್ದ ಮನೆಯ ಪಡಸಾಲೆ ಭಾನುವಾರ ಬೆಳಗ್ಗೆ ಊರಿನದೇ ಆಗಿತ್ತು. ಅಂಥ ಡಯನೋರಾ, ಸಾಲಿಡೇರ್ ಸೆಟ್ಟುಗಳಿಗೆ ಮತ್ತೆ ಜೀವ ಬರಿಸುವ ಕೆಲಸ ನನಗೆ ಬಲು ಇಷ್ಟ. ಆ ಕೆಲಸದಲ್ಲಿ ಮೀಟರಿಗಿಂತ, ಬೆಸುಗೆ ಕಡ್ಡಿಗಿಂತ ಹೆಚ್ಚು ಮೆಚ್ಚಿದ್ದು ಒಂದೆರಡು ಮೊಳದ ವಯರುಗಳನ್ನು.

ಪಿಕ್ಚರ್ ಟ್ಯೂಬು ಪೆಟ್ಟಿಗೆಯ ಮುಂದುಗಡೆ, ಬೋರ್ಡು ಹಿಂದುಗಡೆ. ನಡುವಿನ ವಯರುಗಳೆಲ್ಲ ಗಿಡ್ಡ. ಬೋರ್ಡನ್ನು ಹೊರಗೆಳೆದರೆ ಸೆಟ್ಟು ಓಡದು. ಒಳಗೇ ಬಿಟ್ಟರೆ ಬೆಸುಗೆ ಕಾಣದು. ಯೋಕ್ ಎಂಬ ಸುರುಳಿಯ ವಯರು, ಟ್ಯೂಬಿನ ಬೇಸಿನ ವಯರು, ಟ್ಯೂಬಿನ ಬೆನ್ನಿಗೆ ಒತ್ತಿಕೊಂಡಿರುವ ಹೆಣೆದ ಅರ್ತ್ ಪಟ್ಟಿ, ಇಷ್ಟಕ್ಕೂ ಉದ್ದ ಕೊಟ್ಟರೆ ಬೋರ್ಡು ಮೇಜಿನ ಮೇಲೆ ಮಲಗಿಕೊಂಡೇ ಚಿತ್ರ ತೋರಿಸುತ್ತದೆ. ಉದ್ದಕ್ಕೂ ಒಂದು ಮಿತಿ ಇದೆ. ಚಿತ್ರದ ಸಿಗ್ನಲ್ ಹೋಗುವ ವಯರು ಅತಿಯಾದರೆ ಅಂಚುಗಳು ಮಸುಕಾಗುತ್ತವೆ. ಅರ್ತ್ ಪಟ್ಟಿ ಮರೆತರೆ ಹತ್ತು ಸಾವಿರ ವೋಲ್ಟು ದಾಟಿದ ಕರೆಂಟು ಸಿಕ್ಕಲ್ಲಿ ಹಾರುತ್ತದೆ. ಸೆಟ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಅದು ಉಳಿದಿರುತ್ತದೆ. ಅದನ್ನು ಅರ್ತಿಗೆ ಇಳಿಸದೆ ಟ್ಯೂಬಿನ ಮೇಲಿನ ರಬ್ಬರ್ ಟೋಪಿಗೆ ಕೈ ಹಾಕಬಾರದು.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬು ಬೇಕೇ ಬೇಕು. ಸೂಳೆಕೆರೆಯ ಅಷ್ಟೂ ನೀರು ಗದ್ದೆಗೆ ಹದವಾಗಿ ಇಳಿಯುವುದು ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ. ಈ ಬಲ್ಬೂ ಅಂಥದೇ ಒಂದು ತೂಬು. 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೆಟ್ಟಿನ ದಾರಿಯಲ್ಲಿ ಕೂರಿಸಿ ಸ್ವಿಚ್ ಒತ್ತಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಧಗ್ಗನೆ ಉರಿದು ಹಾಗೇ ನಿಲ್ಲುತ್ತದೆ, ಸೆಟ್ಟು ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಬೆಳಗಿ ಕೆಂಡದಂತೆ ಕಂದುತ್ತದೆ. ಆ ಕಂದುವ ಗಳಿಗೆಯನ್ನು ಎಷ್ಟು ನೋಡಿದರೂ ನನಗೆ ತಣಿವಿಲ್ಲ.

ಆಮೇಲೆ ತೆಳ್ಳಗೆ ಒಂದು ಸಿಳ್ಳು, ಸೆಕೆಂಡಿಗೆ 15,625 ಗೆರೆ ಎಳೆಯುವ ಸದ್ದು. ಮಕ್ಕಳ ಕಿವಿಗೆ ಅದು ಮೊದಲು ಬೀಳುತ್ತದೆ. ಗೆರೆಗಳು ಬಿಚ್ಚಿಕೊಂಡು ಪರದೆ ತುಂಬುವಾಗ, ಬೋರ್ಡಿನ ಯಾವ ಮೂಲೆ ತಟ್ಟಿದರೆ ಚಿತ್ರ ನಡುಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಬಿಟ್ಟ ಬೆಸುಗೆ ಸಿಕ್ಕಿತು ಎಂದೇ ಅರ್ಥ. ಆರಿದ ಸೆಟ್ಟಿನಲ್ಲಿ ಆ ಬೆಸುಗೆ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ರೋಗ ಗೊತ್ತಾಗುವುದು ಓಡುತ್ತಿರುವಾಗ. ಓಡುವುದನ್ನು ಬಿಚ್ಚಿಟ್ಟು ನೋಡಲು ಆ ವಯರು ಬೇಕು.

ನಿಮ್ಮ ಮನೆಯಲ್ಲೂ ಅಂಥ ಸೆಟ್ಟಿದ್ದರೆ ದಯವಿಟ್ಟು ನೇರ ಪ್ಲಗ್ಗಿಗೆ ಚುಚ್ಚಬೇಡಿ. ಊರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ಯಿರಿ. ಅವರು ಸೀರೀಸ್ ಬಲ್ಬಿಗೆ ಕೈ ಚಾಚಿದರೆ, ಸೆಟ್ಟು ಒಳ್ಳೆಯ ಕೈಗೇ ಸೇರಿದೆ ಎಂದುಕೊಳ್ಳಿ.