ಚಂದ್ರಗುತ್ತಿ: ಒಂದು ಸುದ್ದಿಯಾಚೆಗಿನ ಊರು

ವೀಕೆಂಡ್‌ಗೆ ಜೋಗ, ಇಕ್ಕೇರಿ, ಬನವಾಸಿ ಅಂತ ಪ್ಲಾನ್ ಮಾಡುವವರ ಲಿಸ್ಟ್‌ನಲ್ಲಿ ಚಂದ್ರಗುತ್ತಿ ಇರೋದು ಕಡಿಮೆ. ಹೆಸರು ಕೇಳಿದವರಿಗೂ ಥಟ್ಟನೆ ನೆನಪಾಗೋದು ಬೆತ್ತಲೆ ಸೇವೆ ಮಾತ್ರ. ಸೊರಬದಿಂದ ಸುಮಾರು 16 ಕಿ.ಮೀ. ದೂರದ ಈ ಊರಿನಲ್ಲಿ ಅದಕ್ಕಿಂತ ಎಷ್ಟೋ ಹಳೆಯ ಕತೆಗಳಿವೆ.

ಊರಿಗೆ ಬೆನ್ನು ಕೊಟ್ಟು ನಿಂತಿರುವ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರ. ಕದಂಬರ ಬನವಾಸಿ ಇಲ್ಲಿಗೆ ಹತ್ತಿರ. ಘಟ್ಟದ ಮೇಲಿನ ಸೀಮೆಯನ್ನೂ ಕರಾವಳಿಗೆ ಇಳಿಯುವ ದಾರಿಗಳನ್ನೂ ಕಾಯಲು ಇಂಥ ಬೆಟ್ಟ ಬೇಕಿತ್ತು. ಹಾಗಾಗಿ ಕದಂಬರ ನಂತರ ವಿಜಯನಗರದವರು, ಕೆಳದಿ ನಾಯಕರು ಎಲ್ಲರಿಗೂ ಗುತ್ತಿ ಮುಖ್ಯವಾಯಿತು. 14ನೇ ಶತಮಾನದಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಮಾಧವ ಮಂತ್ರಿಯೇ ಬಹಮನಿಗಳಿಂದ ಗೋವಾ ಗೆದ್ದವನು. ಈಗ ಉಳಿದಿರೋದು ಕಾಡು ಹಬ್ಬಿದ ಕೋಟೆ ಗೋಡೆ, ಬಾಗಿಲು, ಮೇಲೊಂದಿಷ್ಟು ಕೊಳ.

ಬೆಟ್ಟದ ಮಗ್ಗುಲಲ್ಲೇ ರೇಣುಕಾಂಬೆಯ ಗುಡಿ. ಮುಂದೆ ಕಲ್ಲಿನ ಮಂಟಪ. ಗರ್ಭಗುಡಿ ಮಾತ್ರ ಬಂಡೆಯ ಗುಹೆ. ತಂದೆಯ ಮಾತಿಗೆ ಕೊಡಲಿ ಎತ್ತಿದ ಪರಶುರಾಮನಿಂದ ತಪ್ಪಿಸಿಕೊಂಡು ಬಂದ ತಾಯಿ ಈ ಗುಹೆ ಹೊಕ್ಕಳು, ಓಡುವಾಗ ಮೈಮೇಲಿನ ಬಟ್ಟೆ ಜಾರಿತು ಅನ್ನೋದು ಸ್ಥಳಪುರಾಣ. ಭಕ್ತರಿಗೆ ಇವಳು ಗುತ್ಯಮ್ಮ.

ಬೆತ್ತಲೆ ಸೇವೆಗೆ ಹೇಳುತ್ತಿದ್ದ ಕಾರಣವೂ ಇದೇ ಕತೆ. ವರದಾ ನದಿಯಲ್ಲಿ ಮುಳುಗೆದ್ದು ಬಟ್ಟೆಯಿಲ್ಲದೆ ಗುಡಿಯವರೆಗೆ ಬರುವ ಹರಕೆ ಅದು. ಹೊತ್ತವರಲ್ಲಿ ಬಹುಪಾಲು ಬಡವರು, ದಲಿತ ಮತ್ತು ಹಿಂದುಳಿದ ಜಾತಿಯವರು. ನೋಡೋಕೆ, ಫೋಟೊ ತೆಗೆಯೋಕೆ ಬರುತ್ತಿದ್ದವರು ಬೇರೆಯೇ. ದಲಿತ ಸಂಘರ್ಷ ಸಮಿತಿ ಇದನ್ನು ವಿರೋಧಿಸಿತು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ಕಾರ್ಯಕರ್ತರು, ಪೊಲೀಸರು, ಪತ್ರಕರ್ತರ ಮೇಲೆಯೇ ಗುಂಪು ತಿರುಗಿಬಿತ್ತು. ಅವರ ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ದೇವಿಯ ಮೇಲಿನ ಭಕ್ತಿಯೇನೂ ಅದರಿಂದ ಕಡಿಮೆಯಾಗಲಿಲ್ಲ. ಹರಕೆ ಇವತ್ತೂ ಸಲ್ಲುತ್ತೆ, ಮೈಮೇಲೆ ಬಟ್ಟೆಯಿಟ್ಟುಕೊಂಡೇ. ನನಗೆ ಈ ಊರಿನ ದೊಡ್ಡ ಪಾಠ ಇದೇ ಅನ್ನಿಸುತ್ತೆ: ಸಂಪ್ರದಾಯ ಬದಲಾದರೆ ದೇವರು ಮುನಿಯಲ್ಲ.

ಹೋಗೋದು ಹೇಗೆ? ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಗ್ಗೆ ಸಾಗರ. ಅಲ್ಲಿಂದ ಬಸ್ಸಿನಲ್ಲಿ ಸೊರಬಕ್ಕೆ ಬಂದು ಮುಂದೆ ಹೊರಡಬಹುದು. ಸಿದ್ದಾಪುರದ ಕಡೆಯಿಂದಲೂ ದಾರಿಯಿದೆ. ಊರು ಚಿಕ್ಕದು, ಗುಡಿ ಸುತ್ತ ಹಣ್ಣುಕಾಯಿ ಅಂಗಡಿಗಳು. ಉಳಿಯೋಕೆ ಸಾಗರವೇ ಅನುಕೂಲ. ಮಂಗಳವಾರ, ಶುಕ್ರವಾರ ಗುಡಿಯಲ್ಲಿ ರಶ್ ಜಾಸ್ತಿ. ಕೋಟೆ ಹತ್ತೋದಾದರೆ ಬೆಳಗ್ಗೆಯೇ ಹೊರಡಿ, ನೀರು ಒಯ್ಯಿರಿ; ಮಳೆಗಾಲದಲ್ಲಿ ಕಲ್ಲು ಜಾರುತ್ತೆ, ಬೇಡ.

ಇನ್ನೊಂದು ಮಾತು. ಕೋಟೆಯ ಫೋಟೊ ಎಷ್ಟು ಬೇಕಾದರೂ ತೆಗೀರಿ. ಹರಕೆ ತೀರಿಸೋಕೆ ಬಂದವರ ಕಡೆ ಮಾತ್ರ ಮೊಬೈಲ್ ತಿರುಗಿಸಬೇಡಿ. ಈ ಊರು ಕ್ಯಾಮೆರಾ ಕಾಟವನ್ನು ಸಾಕಷ್ಟು ಕಂಡಿದೆ.