ಬೆಲುಂ ಗವಿಯ ವರದಿಯಲ್ಲಿ ಬಿಟ್ಟುಹೋದ ಸಂಗತಿ

ಈ ಸ್ಮರಣ ಸಂಚಿಕೆಯ ಬೇರೊಂದು ಪುಟದಲ್ಲಿ ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು ಬೆಲುಂ ಗವಿಯ ಪ್ರವಾಸದ ವರದಿಯನ್ನು ಬರೆದಿರುವರು. ಹೊರಟ ವೇಳೆ, ಕಟ್ಟಿಕೊಂಡ ಬುತ್ತಿ, ಗವಿಯ ಉದ್ದ, ಒಳಗಣ ಅಂಕಣಗಳ ಹೆಸರು, ಇವೆಲ್ಲವೂ ಅದರಲ್ಲಿ ಕ್ರಮವಾಗಿ ಬಂದಿವೆ. ಒಂದು ಸಂಗತಿ ಮಾತ್ರ ಬಂದಿಲ್ಲ. ಅದು ಮರೆತು ಬಿಟ್ಟುದಲ್ಲ, ನಮ್ಮ ಮೇಲಣ ಗೌರವದಿಂದ ಬಿಟ್ಟುದೆಂಬುದನ್ನು ನಾವು ಬಲ್ಲೆವು. ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುವ ಪೋಷಕರಿಗೆ ಅದು ತಿಳಿಯತಕ್ಕದ್ದಾದುದರಿಂದ ಅದನ್ನು ನಾವೇ ಬರೆಯುವುದು ನ್ಯಾಯವೆಂದು ತೋರಿತು.

ಈ ಪ್ರವಾಸಕ್ಕೆ ಕಾರಣಳಾದವಳು ನಮ್ಮಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು. ರಜಾದಿನಗಳಲ್ಲಿ ಗವಿಗಳನ್ನು ಹೊಕ್ಕು ನೋಡುವುದನ್ನೇ ಹವ್ಯಾಸವಾಗಿ ಉಳ್ಳ ಸಂಘವೊಂದಕ್ಕೆ ಅವಳು ಸೇರಿರುವಳು. ಚಿಕ್ಕಂದಿನಲ್ಲಿ ಅಂಗಳದ ಹಲ್ಲಿಗೆ ಹೆದರಿ ಬೆಂಚಿನ ಮೇಲೆ ಹತ್ತುತ್ತಿದ್ದವಳು ಇವಳೇ ಎಂಬುದನ್ನು ನೆನೆದು ನಾವು ನಕ್ಕೆವು. 2024ನೆಯ ಇಸವಿಯ ಜನವರಿ ತಿಂಗಳಿನ ಒಂದು ಶನಿವಾರ ಆ ಸಂಘದ ಮೂವರೊಡನೆ ಇಪ್ಪತ್ತಮೂರು ಹುಡುಗಿಯರನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ಒಬ್ಬ ತಂದೆಯವರು, “ಗವಿಯೊಳಗೆ ಹೆಣ್ಣುಮಕ್ಕಳಿಗೆ ಏನು ಕೆಲಸ?” ಎಂದು ಕಾಗದ ಬರೆದರು. “ಒಬ್ಬ ಹುಡುಗಿಯೂ ನಮ್ಮ ಕಣ್ಣಳತೆಯನ್ನು ಬಿಟ್ಟು ಕದಲುವುದಿಲ್ಲ” ಎಂದು ನಾವು ಸ್ವಹಸ್ತದಿಂದ ಉತ್ತರ ಕೊಟ್ಟೆವು. ಆ ಕಾಗದದ ಪ್ರತಿ ನಮ್ಮ ಮೇಜಿನಲ್ಲಿ ಇಂದಿಗೂ ಇದೆ.

ಹೊರಡುವ ಮುನ್ನಾ ದಿನ ಸಂಘದವರು ಮಕ್ಕಳಿಗೆ ಒಂದು ಪಾಠವನ್ನು ಮಾಡಿದರು. ಗವಿಯನ್ನು ಹೊಗುವವರಲ್ಲಿ ಪ್ರತಿಯೊಬ್ಬರ ಬಳಿಯಲ್ಲಿಯೂ ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೀಪಗಳಿರಬೇಕು, ಒಬ್ಬೊಬ್ಬರೇ ಹೋಗಕೂಡದು, ಯಾವಾಗ ಮರಳುವೆವೆಂಬುದನ್ನು ಹೊರಗಿನವರಿಗೆ ತಿಳಿಸಿ ಹೋಗಬೇಕು, ಕಲ್ಲಿನ ಜಡೆಗಳನ್ನು ಮುಟ್ಟಕೂಡದು, ಏಕೆಂದರೆ ಬೆರಳಿನ ಜಿಡ್ಡು ತಗಲಿದಲ್ಲಿ ಅವುಗಳ ಬೆಳವಣಿಗೆ ಕೆಡುವುದು. ದಾರಿ ತಪ್ಪಿದವರು ಅಲೆದಾಡದೆ ಇದ್ದಲ್ಲಿಯೇ ಕುಳಿತು, ನಿಮಿಷಕ್ಕೆ ಆರು ಸಲದಂತೆ ಸೀಟಿ ಊದಬೇಕು. ಹೀಗೆಂದು ಒಬ್ಬೊಬ್ಬಳ ಕೊರಳಿಗೂ ಒಂದೊಂದು ಸೀಟಿಯನ್ನು ಕಟ್ಟಿದರು. ಮೂರು ದೀಪಗಳ ವಿಷಯದಲ್ಲಿ ನಾವು ವೆಚ್ಚಕ್ಕೆ ಅಂಜಿ, ದೀಪ ಹಾಕಿದ ದಾರಿಯಲ್ಲಿ ನಡೆಯುವವರಿಗೆ ಒಂದೇ ಸಾಕೆಂದೆವು. ಸೀಟಿಗಳಿಗಾದರೋ ವೆಚ್ಚವಿರಲಿಲ್ಲ, ಆದರೆ ಮರುದಿನ ಬಸ್ಸು ಬಳ್ಳಾರಿಯನ್ನು ಬಿಟ್ಟ ಗಳಿಗೆಯಿಂದ ಇಪ್ಪತ್ತಮೂರು ಸೀಟಿಗಳೂ ಒಟ್ಟಿಗೆ ಕೂಗತೊಡಗಲು, ಗುಂತಕಲ್ಲು ಬರುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿದು ಅವೆಲ್ಲವನ್ನೂ ಕಿತ್ತುಕೊಂಡು ನಮ್ಮ ಕೈಚೀಲದಲ್ಲಿ ಹಾಕಿಕೊಂಡೆವು.

ಗುತ್ತಿ, ತಾಡಿಪತ್ರಿಗಳನ್ನು ದಾಟಿದ ಬಳಿಕ ನೆಲದ ಬಣ್ಣವೇ ಬೇರೆಯಾಗುವುದು. ರಸ್ತೆಯ ಎರಡು ಪಕ್ಕದಲ್ಲಿಯೂ ಕರಿಯ ಚಪ್ಪಡಿಗಳ ರಾಶಿ, ಕಲ್ಲುಗಣಿ, ಸಿಮೆಂಟಿನ ಕಾರ್ಖಾನೆ. ನಮ್ಮ ವಸತಿಗೃಹದ ಅಡಿಗೆಮನೆಯ ಕಟ್ಟೆಗೆ ಹಾಸಿರುವ ಕಡಪದ ಕಲ್ಲು ಇದೇ ಜಾತಿಯ ಸುಣ್ಣಗಲ್ಲೆಂದು ತಿಳಿದಾಗ, ಅದನ್ನು ದಿನವೂ ತೊಳೆಯುವ ಹುಡುಗಿಯರಿಗೆ ನೆಂಟರನ್ನು ಕಂಡಂತಾಯಿತು. ಬೆಲುಂ ಎಂಬ ಹೆಸರು ‘ಬಿಲ’ ಎಂಬುದರಿಂದಲೇ ಬಂದುದು. 2022ರಿಂದ ಈಚೆಗೆ ಅದು ಆಂಧ್ರದ ನಂದ್ಯಾಲ ಜಿಲ್ಲೆಗೆ ಸೇರಿದೆ. ಅದಕ್ಕೆ ಮುಂಚೆ ಕರ್ನೂಲಿನಲ್ಲಿತ್ತು. ಬೆಟ್ಟದಲ್ಲಿ ಗವಿಯನ್ನು ಹುಡುಕುವ ಕಣ್ಣಿಗೆ ಅಲ್ಲಿ ಏನೂ ಕಾಣದು. ಸಮತಟ್ಟಾದ ಬಯಲಿನಲ್ಲಿ ಬಾವಿಗಳಂತೆ ಬಾಯ್ದೆರೆದ ಕುಳಿಗಳಿವೆ; ಅವುಗಳಲ್ಲಿ ಒಂದಕ್ಕೆ ಮೆಟ್ಟಿಲುಗಳನ್ನು ಇಳಿಸಿದ್ದಾರೆ.

ನಮ್ಮ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ ಹಳೆಯ ಕಲ್ಲಾಯುಧಗಳನ್ನೂ ಪರಿಶೀಲಿಸಿದ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟರೇ 1884ರಲ್ಲಿ ಈ ಗವಿಯನ್ನು ಕುರಿತು ಬರೆದಿಟ್ಟರು. ಆ ಬಳಿಕ ಸುಮಾರು ನೂರು ವರ್ಷ ಅದನ್ನು ಕೇಳಿದವರಿಲ್ಲ. 1982 ಮತ್ತು 1983ರಲ್ಲಿ ಜರ್ಮನಿಯ ಡೇನಿಯಲ್ ಗೆಬೌಯರ್ ಎಂಬವರ ತಂಡವು ಒಳಹೊಕ್ಕು ಅಳೆಯಿತು. ಒಟ್ಟು ಉದ್ದ 3229 ಮೀಟರು. ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನಷ್ಟನ್ನು 2002ರಲ್ಲಿ ಜನರಿಗಾಗಿ ತೆರೆದರು. ಇದನ್ನೆಲ್ಲ ತೋಡಿದುದು ಬರಿಯ ನೀರು. ಮಳೆಯ ನೀರು ಮಣ್ಣಿನೊಳಗಣ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ, ಸುಣ್ಣಗಲ್ಲಿನ ಬಿರುಕುಗಳಲ್ಲಿ ಇಳಿದು, ಅದನ್ನು ಎಷ್ಟೋ ಸಾವಿರ ವರ್ಷಗಳ ಕಾಲ ಕರಗಿಸುತ್ತ ಹೋಗಿರುವುದು. ಗೋಡೆಗಳು ಕುಂಬಾರನ ಕೈಯಾಡಿದಂತೆ ನುಣುಪಾಗಿ ಬಳುಕಿವೆ. ಪುಸ್ತಕದಲ್ಲಿ ಇಪ್ಪತ್ತು ವರ್ಷ ಕಲಿಸಿದ ಪಾಠವನ್ನು ನಾವು ಅಂದು ಅಂಗೈಯಿಂದ ತಡವಿ ನೋಡಿದೆವು.

ಇಳಿಯುವ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾವು ಎರಡು ಆಜ್ಞೆಗಳನ್ನು ಕೊಟ್ಟಿದ್ದೆವು: ಗವಿಯೊಳಗೆ ಗದ್ದಲ ಮಾಡಕೂಡದು, ಸಾಲನ್ನು ಯಾರೂ ತಡೆಯಕೂಡದು. ಹಳೆಯ ವಿದ್ಯಾರ್ಥಿನಿಯರಿಗೆ ಇವು ಹೊಸವಲ್ಲ. ನಾವು ಓದಿದ ವಸತಿಶಾಲೆಯಲ್ಲಿ ರಾತ್ರಿಯ ಗಂಟೆಯಾದ ಮೇಲೆ ತುಟಿ ಎರಡಾಗಬಾರದೆಂಬ ನಿಯಮವಿತ್ತು. ಒಂದು ರಾತ್ರಿ ಕಿವಿನೋವಿನಿಂದ ದಿಂಬನ್ನು ಕಚ್ಚಿಕೊಂಡು ಬೆಳಗಿನ ಗಂಟೆಯವರೆಗೆ ಸುಮ್ಮನಿದ್ದೆವು. ಮರುದಿನ ಎಲ್ಲರೆದುರು ಹೊಗಳಿಸಿಕೊಂಡೆವು. ಆ ಹೊಗಳಿಕೆಯನ್ನು ಮೂವತ್ತು ವರ್ಷಗಳಿಂದ ಒಂದು ಬಹುಮಾನದ ಪದಕದಂತೆ ಕಾಪಾಡಿಕೊಂಡು ಬಂದಿದ್ದೇವೆ.

ಒಳಗೆ ಹೊನ್ನಿನ ಬಣ್ಣದ ವಿದ್ಯುದ್ದೀಪಗಳು; ಜನವರಿಯಲ್ಲಿಯೂ ಬೆವರು ಕಿತ್ತು ಬರುವಷ್ಟು ಸೆಕೆ. ಕೋಟಿಲಿಂಗಗಳೆಂದು ಕರೆಯುವ ಕಲ್ಲಿನ ಮೊಳಕೆಗಳು, ಆಲದ ಬಿಳಲುಗಳಂತೆ ಇಳಿದ ಕಲ್ಲು, ತಟ್ಟಿದರೆ ಲೋಹದಂತೆ ದನಿಗೊಡುವ ಸಪ್ತಸ್ವರ ಗುಹೆ, ಇವುಗಳನ್ನು ಮಕ್ಕಳ ವರದಿಯಲ್ಲಿ ಓದಿಕೊಳ್ಳಬಹುದು. ಕಟ್ಟಕಡೆಯ ಆಳವು ಪಾತಾಳಗಂಗೆ. ಅದು ಗವಿಯ ಬಾಗಿಲಿನಿಂದ 46 ಮೀಟರು ಕೆಳಗೆ. ಸಣ್ಣದೊಂದು ತೊರೆ ಕಲ್ಲಿನಿಂದ ಬಂದು ಕಲ್ಲಿನಲ್ಲಿಯೇ ಅಡಗಿಹೋಗುವುದು. ಅಲ್ಲಿಗೆ ಇಳಿಯುತ್ತಿರುವಾಗ, ಸಾಲಿನ ಬಾಲದಲ್ಲಿ ಕಾವಲಿಗೆ ನಿಂತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯನ್ನು, “ಮಗೂ, ಮುಂದೆ ಬಂದು ಇವರಿಗೆ ಈ ನೀರಿನ ವಿಷಯವನ್ನು ಹೇಳು” ಎಂದು ನಾವು ಕರೆದೆವು. ಅವಳು ತುಸು ಅನುಮಾನಿಸಿದಳು. ಆದರೆ ನಮ್ಮ ಮಾತನ್ನು ಮೀರಿ ಅಭ್ಯಾಸವಿಲ್ಲದವಳು, ಬಂದಳು.

ನೀರಿನ ಬಳಿ ಎಣಿಸಿದಾಗ ಇಪ್ಪತ್ತೆರಡು. ಮತ್ತೊಮ್ಮೆ ಎಣಿಸಿದೆವು. ಮೂರನೆಯ ಸಲ ತಲೆ ಮುಟ್ಟಿ ಎಣಿಸಿದೆವು. ಇಲ್ಲದವಳು ಯಾರೆಂದು ಕೂಡಲೆ ಹೊಳೆಯಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಷ್ಟು ಮೌನಿಯಾದ ಹುಡುಗಿ.

ಸಂಘದವರು ಮಿಕ್ಕ ಮಕ್ಕಳನ್ನು ಅಲ್ಲಿಯೇ ಕುಳ್ಳಿರಿಸಿದರು. ಒಬ್ಬರು ಮಾರ್ಗದರ್ಶಿಯೊಡನೆ ಬಾಗಿಲಿನ ಕಡೆಗೆ ಧಾವಿಸಿದರು. ನಾವೂ ನಮ್ಮ ಹಳೆಯ ವಿದ್ಯಾರ್ಥಿನಿಯೂ ಬಂದ ದಾರಿಯನ್ನೇ ಹಿಡಿದು ನಿಧಾನವಾಗಿ ಹಿಂದಕ್ಕೆ ನಡೆದೆವು. ಪ್ರತಿಯೊಂದು ತಿರುವಿನಲ್ಲಿಯೂ ನಿಂತು ಕಿವಿಗೊಟ್ಟೆವು. ನೀರು ತೊಟ್ಟಿಕ್ಕುವ ಸದ್ದಲ್ಲದೆ ಬೇರೆ ಸದ್ದಿಲ್ಲ. “ಸೀಟಿ ಊದುವಳು, ಅಮ್ಮಾ, ನಾನು ಚೆನ್ನಾಗಿ ಹೇಳಿಕೊಟ್ಟಿದ್ದೇನೆ” ಎಂದು ಅವಳು ನಮಗೆ ಧೈರ್ಯ ಹೇಳಿದಳು. ಸೀಟಿಗಳು ನಮ್ಮ ತೋಳಿನ ಚೀಲದಲ್ಲಿದ್ದುವು. ನಡೆದಾಗಲೆಲ್ಲ ಅವು ಒಂದಕ್ಕೊಂದು ತಗಲಿ ಸದ್ದು ಮಾಡುತ್ತಿದ್ದುವು. ಅದನ್ನು ಬಾಯಿಬಿಟ್ಟು ಹೇಳಲು ನಮಗೆ ಇನ್ನೆರಡು ತಿರುವುಗಳು ಬೇಕಾದುವು.

ಕೊನೆಗೆ ನಾವು ಹುಡುಗಿಯ ಹೆಸರು ಹಿಡಿದು ಕೂಗಿದೆವು. ಅಷ್ಟು ಗಟ್ಟಿಯಾಗಿ ನಾವು ಜನ್ಮದಲ್ಲಿ ಕೂಗಿದವರಲ್ಲ. ಕೂಗು ಗೋಡೆಯಿಂದ ಗೋಡೆಗೆ ಹಾದು ಯಾರದೋ ದನಿಯಂತೆ ಹಿಂದಿರುಗಿತು. ಅದು ಅಡಗಿದ ಮೇಲೆ, ಹತ್ತು ಮಾರು ದೂರವೂ ಇಲ್ಲದ ಒಂದು ಇಕ್ಕಟ್ಟಾದ ಕವಲಿನಿಂದ, ತರಗತಿಯಲ್ಲಿ ಹಾಜರಿ ಕೂಗಿದಾಗ ಹೇಳುವ ದನಿಯಲ್ಲಿಯೇ, “ಹಾಜರಿದ್ದೇನೆ, ಅಮ್ಮಾ” ಎಂದು ಉತ್ತರ ಬಂದಿತು.

ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಸಾಲನ್ನು ತಡೆಯಕೂಡದೆಂದು ಪಕ್ಕದ ಕವಲಿಗೆ ಸರಿದು ಬಾಗಿದಳು, ಕೈದೀಪ ಜಾರಿ ಉರುಳಿತು, ಅದನ್ನು ಹಿಡಿಯಹೋಗಿ ತಿರುವಿನಾಚೆಗೆ ಇಳಿದಳು, ದೀಪ ಆರಿತು. ಆ ಬಳಿಕ, ಕಲಿಸಿದ್ದಂತೆ, ಇದ್ದಲ್ಲಿಯೇ ಕುಳಿತಳು. ನಮ್ಮೆಲ್ಲರ ಮಾತು ದೂರ ದೂರವಾಗುವುದು ಅವಳಿಗೆ ಕೇಳಿಸುತ್ತಲೇ ಇದ್ದಿತು. ಇಪ್ಪತ್ತು ನಿಮಿಷ ಕತ್ತಲೆಯಲ್ಲಿ, ಕೈಯನ್ನು ಮುಖದ ಮುಂದೆ ಹಿಡಿದರೆ ಕಾಣದ ಕತ್ತಲೆಯಲ್ಲಿ, ಹಾಗೆ ಕುಳಿತಿದ್ದಳು.

“ನಮ್ಮನ್ನು ಕೂಗಬಾರದಾಗಿತ್ತೇ ಮಗೂ?” ಎಂದೆವು.

“ಒಳಗೆ ಸದ್ದು ಮಾಡಕೂಡದೆಂದು ತಾವೇ ಹೇಳಿದ್ದಿರಿ, ಅಮ್ಮಾ.”

ಅವಳ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಮೊಣಕೈ ತರಚಿದ್ದುದನ್ನು ಬಿಟ್ಟರೆ ಪೆಟ್ಟೇನೂ ಆಗಿರಲಿಲ್ಲ. ನಾವು ಚೀಲವನ್ನು ಬಿಚ್ಚಿ ಒಂದು ಸೀಟಿಯನ್ನು ತೆಗೆದು ಅವಳ ಕೊರಳಿಗೆ ಕಟ್ಟಿದೆವು. ಕೈ ನಡುಗಿ ಗಂಟು ಬೀಳದಿರಲು ಅವಳೇ ಹಾಕಿಕೊಂಡಳು.

ಭಾನುವಾರ ಗಂಡಿಕೋಟೆಯಲ್ಲಿ ಪೆನ್ನಾರ್ ನದಿಯ ಕಂದರವನ್ನು ಕಂಡು ಹಿಂದಿರುಗಿದೆವು. ಬಹಳ ಸೊಗಸಾದ ನೋಟವೆಂದು ಎಲ್ಲರೂ ಹೇಳುವರು. ನಾವು ಮಕ್ಕಳ ತಲೆಗಳನ್ನು ಎಣಿಸುವುದರಲ್ಲಿಯೇ ಕಾಲ ಕಳೆದೆವು. ಸೀಟಿಗಳನ್ನು ಎಲ್ಲರಿಗೂ ಹಿಂದಿರುಗಿಸಿದ್ದೆವು. ಹೋಗುವಾಗ ಊದಿದ ಮಕ್ಕಳು ಬರುವಾಗ ಊದಲಿಲ್ಲ.

ಸೋಮವಾರ ಸಂಜೆ ನಾವು ಆ ಹುಡುಗಿಯ ಮನೆಗೆ ಹೋದೆವು. ತಾಯಿ ಹೊಲಿಗೆಯ ಯಂತ್ರದ ಮುಂದಿನಿಂದ ಎದ್ದು ಕುರ್ಚಿಯನ್ನು ಒರಸಿ ಕೊಟ್ಟರು. ನಡೆದುದೆಲ್ಲವನ್ನೂ, ಸೀಟಿಗಳ ಮಾತನ್ನೂ ಸೇರಿಸಿ, ಹೇಳಿದೆವು. ಹುಡುಗಿ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ತಾಯಿ ಬಹಳ ಹೊತ್ತು ಸುಮ್ಮನಿದ್ದು, ನಮ್ಮನ್ನು ಸಮಾಧಾನಪಡಿಸುವವರಂತೆ, “ಮನೇಲೂ ಹಂಗೇ ಅಮ್ಮಾ ಅವಳು. ಸುಮ್ಮನಿರು ಅಂದ್ರೆ ಸುಮ್ಮನೇ ಇರ್ತಾಳೆ. ನಿಮ್ಮ ಸ್ಕೂಲಿಗೆ ಹಾಕಿದ ಮೇಲೆ ಬಹಳ ಒಳ್ಳೇವಳಾಗ್ಯಾಳೆ” ಎಂದರು.

ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿದರು. ಕೊಟ್ಟ ಚಹಾವನ್ನು ಕುಡಿದು ನಾವು ಎದ್ದು ಬಂದೆವು.