ಅಬಿಂಗ್ಡನ್ನಿನ ಕಾರಿಗೆ ಬೆಲೆಯೆಷ್ಟು?

ಆಕ್ಸ್‌ಫರ್ಡ್ ನಗರದಿಂದ ದಕ್ಷಿಣಕ್ಕೆ ಸುಮಾರು ಆರು ಮೈಲಿ ಸಾಗಿದರೆ, ಥೇಮ್ಸ್ ನದಿಯ ದಂಡೆಯ ಮೇಲೆ ಅಬಿಂಗ್ಡನ್ ಎಂಬ ಪುರಾತನ ಪಟ್ಟಣ ಎದುರಾಗುತ್ತದೆ. ಹಳೆಯ ಕಲ್ಲುಸೇತುವೆ, ದಡಕ್ಕೆ ಕಟ್ಟಿದ ದೋಣಿಗಳು, ಸೇಂಟ್ ಹೆಲೆನ್ ಇಗರ್ಜಿಯ ನೀಳ ಶಿಖರ, ಇವನ್ನು ಕಂಡವರಿಗೆ ಇದು ಯಂತ್ರಗಳ ಸದ್ದನ್ನೇ ಕೇಳದ ಊರೆನಿಸೀತು. ರಾಜಮನೆತನದಲ್ಲಿ ಪಟ್ಟಾಭಿಷೇಕದಂಥ ಸಂಭ್ರಮ ನಡೆದಾಗ ಕೌಂಟಿ ಹಾಲಿನ ಮಾಳಿಗೆಯಿಂದ ಜನರತ್ತ ಬನ್ನುಗಳನ್ನು ಎಸೆಯುವ ವಿನೋದ ಸಂಪ್ರದಾಯ ಇಲ್ಲಿ ಇಂದಿಗೂ ಉಂಟು.

ಆದರೆ ಮೋಟಾರು ಪ್ರಿಯರ ಪಾಲಿಗೆ ಅಬಿಂಗ್ಡನ್ ಎಂದರೆ ಎಂ.ಜಿ. ಕಾರುಗಳ ತವರು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಸಂಸ್ಥೆಯಲ್ಲಿ ಹುಟ್ಟಿದ ಆ ಹೆಸರು 1929ರಲ್ಲಿ ಇಲ್ಲಿಗೆ ಬಂದು ನೆಲಸಿತು; 1980ರಲ್ಲಿ ಕಾರಖಾನೆ ಬಾಗಿಲು ಮುಚ್ಚಿತು. 1962ರಿಂದ ಆ ಕೊನೆಯ ವರ್ಷದವರೆಗೆ ಇಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಐದು ಲಕ್ಷವನ್ನೂ ಮೀರಿತು. ಅವುಗಳಲ್ಲಿ ಬಹುಪಾಲು ಕಡಲು ದಾಟಿ ಅಮೆರಿಕಕ್ಕೆ ಹೋದವು. ಉಳಿದುಬಂದವು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಕೊಳ್ಳುವವರನ್ನು ಕಾಡುವ ಪ್ರಶ್ನೆ ಒಂದೇ: ನ್ಯಾಯವಾದ ಬೆಲೆ ಯಾವುದು?

ಊರ ಅಂಚಿನ ಮನೆಯೊಂದರಲ್ಲಿ ಇಂಥ ವ್ಯಾಪಾರ ನಡೆಯುತ್ತಿರುವುದನ್ನು ಊಹಿಸಿಕೊಳ್ಳಬಹುದು. ಮಾರುವಾಕೆ ವೃದ್ಧೆ, ಕಾರು ಆಕೆಯ ದಿವಂಗತ ಪತಿಯದು. ಕೊಳ್ಳಬಂದವನು ವರ್ಷಗಟ್ಟಲೆ ಹಣ ಕೂಡಿಟ್ಟ ಸಂಬಳಗಾರ. ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ! ದನಗಳ ಜಾತ್ರೆಯಲ್ಲಿ ಎತ್ತಿನ ಕೊಂಬಿನ ಬಣ್ಣಕ್ಕೆ ಮರುಳಾಗದೆ, ಹಲ್ಲು ನೋಡಿ, ನಡೆಸಿ ನೋಡಿ, ಆಮೇಲೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿಯುವ ನಮ್ಮ ರೈತನ ಜಾಣ್ಮೆ ಇಲ್ಲಿಯೂ ಬೇಕು.

ಈ ಕಾರಿನ ಹಲ್ಲು ಇರುವುದು ಬಾಗಿಲಿನ ಅಡಿಯಲ್ಲಿ. ಎಂ.ಜಿ.ಬಿ.ಗೆ ಪ್ರತ್ಯೇಕವಾದ ಚಾಸಿ ಇಲ್ಲ. ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದ ಸಿಲ್ ಎಂಬ ತೊಲೆಗಳು ತುಕ್ಕು ಹಿಡಿದರೆ ಮಾಡಿಲ್ಲದ ಕಾರು ನಡುವಿನಲ್ಲಿ ಕುಗ್ಗುತ್ತದೆ. ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ಬಿಗಿಯಾದರೆ, ಬಾಗಿಲಿನ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆಯಾದರೆ, ಎಚ್ಚರ! ಬಟ್ಟೆ ಸುತ್ತಿದ ಸೂಜಿಗಲ್ಲು ತಗಡಿಗೆ ಅಂಟದೆ ಜಾರಿದರೆ ಅಲ್ಲಿ ಉಕ್ಕಿಗೆ ಬದಲು ಪುಟ್ಟಿ ತುಂಬಿದೆಯೆಂದೇ ತಿಳಿಯಬೇಕು. 1798 ಸಿ.ಸಿ.ಯ ಎಂಜಿನ್ನಾದರೋ ಗಟ್ಟಿಮುಟ್ಟಾದುದು. ಕಾದ ಮೇಲೆಯೂ ಓಟದಲ್ಲಿ ಎಣ್ಣೆಯ ಒತ್ತಡ ಚದರಂಗುಲಕ್ಕೆ 50 ಪೌಂಡಿನ ಆಸುಪಾಸು ನಿಂತರೆ ಅದರ ಚಿಂತೆ ಬೇಡ.

ಇನ್ನು ಲೆಕ್ಕ. ಸುಸ್ಥಿತಿಯ ಕಾರಿನ ಬೆಲೆ ನೂರು ಪಾಲೆಂದು ಇಟ್ಟುಕೊಳ್ಳೋಣ. ಸಿಲ್‌ಗಳ ಬೆಸುಗೆಗೂ ಬಣ್ಣಕ್ಕೂ ನಲವತ್ತೈದು ಪಾಲು ತಗಲುವುದಾದರೆ, ಎದುರಿಗಿರುವ ಕಾರಿನ ಬೆಲೆ ಐವತ್ತೈದು ಪಾಲು. ಬೆಸುಗೆಗಾರನ ಕೂಲಿ ಅಪರೂಪದ ಕಾರಿಗೂ ಸಾಮಾನ್ಯ ಕಾರಿಗೂ ಒಂದೇ. ಐದು ಲಕ್ಷ ತಯಾರಾದ ಕಾರಿನ ಬೆಲೆಯಾದರೋ ದುರಸ್ತಿಯ ಖರ್ಚಿನ ಜೊತೆಗೆ ಏರುವುದಿಲ್ಲ. 1988ರಿಂದ ಹೊಸ ಒಡಲುಗಳೇ ತಯಾರಾಗುತ್ತ ಬಂದಿವೆಯಾದರೂ, ಅದನ್ನು ಕೊಂಡು ಎಲ್ಲವನ್ನೂ ಜೋಡಿಸುವ ವೇಳೆಗೆ ಒಳ್ಳೆಯ ಕಾರೊಂದರ ಬೆಲೆಯೇ ಮೀರಿರುತ್ತದೆ. ಆದ್ದರಿಂದ ಅಗ್ಗದ ಕಾರೇ ಅನೇಕ ವೇಳೆ ದುಬಾರಿಯಾದುದು.

ಮಾರುವಾಕೆ ರಶೀದಿಗಳ ಕಟ್ಟನ್ನು ಮುಂದಿಡುತ್ತಾಳೆ. ಅವುಗಳ ಮೊತ್ತ ಕೇಳಿದ ಬೆಲೆಗಿಂತ ಹೆಚ್ಚು. ಆದರೆ ರಶೀದಿ ಆರೈಕೆಗೆ ಸಾಕ್ಷಿಯೇ ಹೊರತು ಬೆಲೆಯ ಪಟ್ಟಿಯಲ್ಲ. ಗೇಡನ್ ಊರಿನ ಬ್ರಿಟಿಷ್ ಮೋಟಾರು ವಸ್ತುಸಂಗ್ರಹಾಲಯ ನೀಡುವ ಪ್ರಮಾಣಪತ್ರ ಕಾರು ತಯಾರಾದ ದಿನ, ಮೊದಲ ಬಣ್ಣಗಳನ್ನು ತಿಳಿಸಬಲ್ಲುದು. 1974ಕ್ಕೆ ಮುಂಚಿನ ಕ್ರೋಮ್ ಬಂಪರಿನ ಕಾರಿಗೆ, ಅನಂತರದ ಕಪ್ಪು ರಬ್ಬರ್ ಬಂಪರಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಬೇಡಿಕೆ. ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪತಿಯ ಪಕ್ಕದಲ್ಲಿ ಕುಳಿತು ಆಕೆ ಕಂಡ ಬೇಸಗೆಗಳು ಮಾತ್ರ ಬರುವುದಿಲ್ಲ.

ಹಾಗೆಂದು ಬಣ್ಣದ ಒಂದು ಗೀರನ್ನು ತೋರಿಸಿ ಬೆಲೆ ಮುರಿಯುವುದೂ ನ್ಯಾಯವಲ್ಲ. ಕಂಡ ದೋಷವನ್ನು ಆಕೆಗೂ ತೋರಿಸಿ, ದುರಸ್ತಿಯ ಖರ್ಚನ್ನು ಇಬ್ಬರೂ ಕೂಡಿ ಎಣಿಸಿ ಕಳೆದಾಗ ಉಳಿಯುವುದೇ ನ್ಯಾಯದ ಬೆಲೆ. ಅಂಥ ಬೆಲೆ ಕೊಟ್ಟವನು ಮರುವರ್ಷ ಆಕೆಯ ಬಾಗಿಲ ಮುಂದೆ ಕಾರು ನಿಲ್ಲಿಸಿ ನಿಸ್ಸಂಕೋಚವಾಗಿ ನಮಸ್ಕಾರ ಹೇಳಬಲ್ಲನು.

ಕಾರಖಾನೆಯ ಕೊನೆಯ ದಿನಗಳ ಎಂ.ಜಿ.ಬಿ.ಯೊಂದನ್ನು ಕೌಂಟಿ ಹಾಲಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅದು ಮಾರಾಟಕ್ಕಲ್ಲ. ಊರಿನ ನೆನಪುಗಳಿಗೆಲ್ಲ ಅಲ್ಲಿ ಸ್ಥಳವಿದೆ. ಬೆಲೆಯ ಮಾತಿಗೆ ಮಾತ್ರ ಇಲ್ಲ.